ಮನೆಗೇ ಬರುವ ಮಾನಸಿಕ ಆರೈಕೆ: ನರ್ಸ್ ಭೇಟಿಗೆ ಹೌದು, ಅಟೆಂಡರ್‌ಗೆ ಬೇಡ

ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವ ನನ್ನ ಅಣ್ಣನಿಗಾಗಿ ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಿಂದ ಹದಿನಾಲ್ಕು ತಿಂಗಳಿಂದ ಮನೆ ಆರೈಕೆ ಪಡೆಯುತ್ತಿದ್ದೇವೆ. ನಾವು ತೆಗೆದುಕೊಂಡದ್ದು ಎರಡು ಸೇವೆ: ಮನೋವೈದ್ಯಕೀಯ ತರಬೇತಿ ಪಡೆದ ನರ್ಸ್‌ರ ಭೇಟಿ ಮತ್ತು ಹಗಲು-ರಾತ್ರಿ ಮನೆಯಲ್ಲೇ ಇರುವ ಅಟೆಂಡರ್. ಮೊದಲನೆಯದರಲ್ಲಿ ಕೊಟ್ಟ ಹಣಕ್ಕೆ ಮೋಸವಾಗಿಲ್ಲ. ಎರಡನೆಯದನ್ನು ಮೂರು ತಿಂಗಳಿಗೇ ಬಿಟ್ಟೆವು.

ನಾವು ಈ ಸೇವೆಗೆ ಸೇರಿದ ಕಾರಣ ರಕ್ತ ಪರೀಕ್ಷೆ. ಉಳಿದ ಮಾತ್ರೆಗಳು ಹಿಡಿಯದೆ ವೈದ್ಯರು ಅಣ್ಣನಿಗೆ ಕ್ಲೋಜಪಿನ್ ಬರೆದಿದ್ದರು. ಅದರಿಂದ ಅಪರೂಪಕ್ಕೆ ಬಿಳಿ ರಕ್ತಕಣಗಳು ಅಪಾಯದ ಮಟ್ಟಕ್ಕೆ ಇಳಿಯಬಹುದಾದ್ದರಿಂದ ಮೊದಲ 18 ವಾರ ಪ್ರತಿ ವಾರವೂ ರಕ್ತ ಪರೀಕ್ಷೆ ಆಗಲೇಬೇಕು. ಹೊಸ್ತಿಲು ದಾಟಲು ಒಪ್ಪದವನನ್ನು ವಾರವಾರವೂ ಲ್ಯಾಬಿಗೆ ಕರೆದೊಯ್ಯುವುದು ನಮ್ಮಿಂದ ಆಗುವ ಮಾತಾಗಿರಲಿಲ್ಲ. ನರ್ಸ್ ಮನೆಗೇ ಬಂದು ರಕ್ತ ತೆಗೆದರು, ಒಂದು ವಾರವೂ ತಪ್ಪಲಿಲ್ಲ.

ಆದರೆ ಅವರ ನಿಜವಾದ ಕೆಲಸ ಕಂಡದ್ದು ರಕ್ತ ತೆಗೆದು ಸೂಜಿ ಎತ್ತಿಟ್ಟ ಮೇಲೆ. ಅಣ್ಣ ಚಾಪೆಯ ಮೇಲಿದ್ದರೆ ಅವರೂ ಚಾಪೆಯ ಮೇಲೆಯೇ ಕೂರುತ್ತಾರೆ; ಕೈ ಚಾಚಿಸಿ ನಡುಕ ನೋಡುತ್ತಾರೆ, ಮಣಿಕಟ್ಟು ಮಡಿಸಿ ಬಿಗಿತ ನೋಡುತ್ತಾರೆ, ತೂಕ ಮತ್ತು ಸೊಂಟದ ಸುತ್ತಳತೆ ಬರೆದುಕೊಳ್ಳುತ್ತಾರೆ, ಮಲವಿಸರ್ಜನೆ ಸರಿಯಾಗಿದೆಯೇ ಎಂದು ಮುಜುಗರವಿಲ್ಲದೆ ಕೇಳುತ್ತಾರೆ. ಈ ಔಷಧಿಯಲ್ಲಿ ಮಲಬದ್ಧತೆಯನ್ನು ಅಲಕ್ಷಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದೆಂಬುದನ್ನು ನಮಗೆ ಮೊದಲು ಹೇಳಿದವರು ಅವರೇ. ಮೂರನೆಯ ಭೇಟಿಯಲ್ಲಿ ಖಾಲಿ ಸ್ಟ್ರಿಪ್ಪುಗಳನ್ನು ಎಣಿಸಿ, ಏನೂ ಮಾತಾಡದೆ ಎದ್ದು ಹೋಗಿ, ಕಿಟಕಿಯಾಚೆಯ ದಾಸವಾಳದ ಕುಂಡದಿಂದ ಅರ್ಧ ಕರಗಿದ ಒಂಬತ್ತು ಮಾತ್ರೆಗಳನ್ನು ಹೆಕ್ಕಿ ತಂದರು. ಅಣ್ಣನನ್ನು ಗದರಲಿಲ್ಲ, ಏಕೆ ಬೇಡವೆನಿಸಿತು ಎಂದು ಕೇಳಿದರು. ರಾತ್ರಿಯೆಲ್ಲ ಜೊಲ್ಲು ಸುರಿದು ದಿಂಬು ಒದ್ದೆಯಾಗುತ್ತದೆ, ನಾಚಿಕೆಯಾಗುತ್ತದೆ ಎಂದ. ಎರಡು ವರ್ಷ ಆಸ್ಪತ್ರೆಗೆ ಅಲೆದರೂ ನಮ್ಮ ಕಿವಿಗೆ ಬೀಳದ ಮಾತು ಇದು.

ಅಟೆಂಡರ್‌ಗಳ ವಿಷಯ ಬೇರೆ. ಮೂರು ತಿಂಗಳಲ್ಲಿ ಐದು ಮಂದಿ ಬದಲಾದರು, ಪ್ರತಿಯೊಬ್ಬರಿಗೂ ಅಮ್ಮ ಮೊದಲಿನಿಂದ ಕಥೆ ಹೇಳಬೇಕಾಯಿತು. ಅವರಲ್ಲೊಬ್ಬರು ಯಾರನ್ನೂ ಕೇಳದೆ ಮಾತ್ರೆ ಪುಡಿ ಮಾಡಿ ಕಾಫಿಗೆ ಬೆರೆಸಿದರು. ಅಣ್ಣನಿಗೆ ಅದು ಗೊತ್ತಾಗಿ, ವಾರವಿಡೀ ಅಮ್ಮ ಕೊಟ್ಟ ಲೋಟವನ್ನೂ ಮುಟ್ಟಲಿಲ್ಲ. ತನಗೆ ವಿಷ ಹಾಕುತ್ತಾರೆಂದು ಮೊದಲೇ ಶಂಕಿಸುವವನಿಗೆ ಇದಕ್ಕಿಂತ ಕೆಟ್ಟದ್ದನ್ನು ಮಾಡಲು ಸಾಧ್ಯವೇ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಗೆ ರೋಗಿಯ ತಿಳಿವಳಿಕೆಯುಳ್ಳ ಸಮ್ಮತಿಯನ್ನು ಕೇಳುತ್ತದೆ. ದೂರು ಕೊಟ್ಟಾಗ ಸಂಸ್ಥೆಯ ಮೇಲ್ವಿಚಾರಕರು ಅದನ್ನು ಸಣ್ಣ ವಿಷಯವೆಂಬಂತೆ ತಳ್ಳಿಹಾಕಿದರು.

ಖರ್ಚು ಸಣ್ಣದಲ್ಲ, ನಮ್ಮ ವಿಮೆ ಮನೆ ಭೇಟಿಗೆ ಹಣ ಕೊಡುವುದಿಲ್ಲ. ರೋಗಿ ಹೊರಗೆ ಬರಲು ಒಪ್ಪುವುದಾದರೆ ಮೊದಲು ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ತಪಾಸಣೆಗೆ ಹೋಗಿ ನೋಡಬಹುದು. ಅಪರಾತ್ರಿ ದಿಕ್ಕು ತೋಚದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದಿನ ತಿಂಗಳಿಂದಲೂ ನರ್ಸ್ ಭೇಟಿಯನ್ನಷ್ಟೇ ಮುಂದುವರಿಸುತ್ತಿದ್ದೇವೆ. ಈಗ ಬರುತ್ತಿರುವವರೇ ಬರಬೇಕು, ರಜೆಯಿದ್ದರೆ ಮೊದಲೇ ತಿಳಿಸಬೇಕು ಎಂದು ಕರಾರಿನಲ್ಲಿ ಬರೆಸಿಕೊಂಡಿದ್ದೇವೆ. ಆ ಷರತ್ತನ್ನು ಸೇರಿಸಲು ಹೇಳಿದವನು ಅಣ್ಣ.