ರೇಡಿಯೇಷನ್ ಮುಗಿದ ಮೇಲೆ ಮಲದಲ್ಲಿ ರಕ್ತ: ಎನಿಮಾ, ಆರ್ಗಾನ್, ಆಕ್ಸಿಜನ್
ಅತ್ತೆಗೆ ಗರ್ಭಕೊರಳಿನ ಕ್ಯಾನ್ಸರ್‌ಗೆ ಒಳಗಿನಿಂದ ರೇಡಿಯೇಷನ್ ಕೊಟ್ಟು ವರ್ಷವಾದ ಮೇಲೆ ರಕ್ತ ಹೋಗುತ್ತಿದೆ ಅಂದಿರಲ್ಲ, ಮೂಲವ್ಯಾಧಿ ಅಂತ ಸುಮ್ನೆ ಇರಬೇಡಿ, ಮೊದಲು ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಆಗಲಿ. ರೇಡಿಯೇಷನ್‌ನಿಂದ ಗುದನಾಳಕ್ಕೆ ಆದ ಗಾಯ ಅಂತ ಗೊತ್ತಾದರೆ ಮೂರು ದಾರಿ ಇವೆ.

ಸುಕ್ರಾಲ್‌ಫೇಟ್ ಎನಿಮಾ, ಅಂದರೆ ಹುಣ್ಣಿನ ಮೇಲೆ ಪದರ ಕಟ್ಟುವ ಔಷಧಿಯನ್ನು ಗುದದ್ವಾರದಿಂದ ಒಳಗೆ ಬಿಡುವುದು, ಅಗ್ಗ. ಮನೆಯಲ್ಲೇ ದಿನಕ್ಕೆ 2 ಸಲ ಕೊಡಬಹುದು, ಆದರೆ ವಾರಗಟ್ಟಲೆ ತಾಳ್ಮೆ ಬೇಕು. ರಕ್ತ ಹೋಗೋದು ಕಡಿಮೆ ಇದ್ದು, ಮಳೆಗಾಲದಲ್ಲಿ ಮಡಿಕೇರಿಯಿಂದ ಮೈಸೂರಿಗೆ ಪದೇ ಪದೇ ಹೋಗೋದು ಕಷ್ಟ ಅನ್ನುವವರಿಗೆ ಇದೇ ಸಲೀಸು.

ಹಿಮೋಗ್ಲೋಬಿನ್ ಇಳಿಯುತ್ತಿದ್ದರೆ ಆರ್ಗಾನ್ ಪ್ಲಾಸ್ಮಾ ಕೇಳಿ. ಎಂಡೋಸ್ಕೋಪ್ ಹಾಕಿ ಒಸರುವ ರಕ್ತನಾಳ ಸುಡುತ್ತಾರೆ. ಬೇಗ ನಿಲ್ಲುತ್ತದೆ, ಹುಣ್ಣಾಗುವ ಭಯವೂ ಇದೆ.

ಹೈಪರ್‌ಬೇರಿಕ್ ಆಕ್ಸಿಜನ್ (ಹೆಚ್ಚು ಒತ್ತಡದ ಚೇಂಬರಿನಲ್ಲಿ ಆಕ್ಸಿಜನ್ ಉಸಿರಾಡಿಸುವುದು) ಗಾಯ ಮಾಗಲು ನೆರವಾಗುತ್ತದೆ, ಆದರೆ ಸುಮಾರು 30-40 ಸಲ, ಪ್ರತಿ ಸಲ ಒಂದೂವರೆ ಗಂಟೆ ಚೇಂಬರಿನೊಳಗೆ. ಕಾಫಿ ಕೊಯ್ಲಿನ ಹೊತ್ತಲ್ಲಿ ಯಾರಿಗಾಗುತ್ತೆ, ಅಲ್ವಾ? ಉಳಿದೆರಡೂ ಕೈಕೊಟ್ಟರೆ ಯೋಚಿಸಿ.

ಬಯಾಪ್ಸಿ (ಪರೀಕ್ಷೆಗೆ ಚೂರು ಮಾಂಸ ತೆಗೆಯುವುದು) ಮಾಡ್ತೀವಿ ಅಂದರೆ ಮಾತ್ರ ರೇಡಿಯೇಷನ್ ಡಾಕ್ಟರನ್ನು ಕೇಳದೆ ಒಪ್ಪಬೇಡಿ. ರೇಡಿಯೇಷನ್ ತಗುಲಿದ ಗುದನಾಳದಲ್ಲಿ ಮಾಡಿದ ಗಾಯ ಸುಲಭಕ್ಕೆ ಮಾಯುವುದಿಲ್ಲ.