ಚಿನ್ನುವಿನ ಕುಕ್ಕೆ: ಎರಡು ದಂಡ, ಮೂರನೆಯದು ಪರವಾಗಿಲ್ಲ

ನಾಯಿ ಬಾಯಿಗೆ ಹಾಕುವ ಮಝಲ್ (muzzle) ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ಕಡೆ ಇದಕ್ಕೆ ಹಳೇ ಹೆಸರೇ ಇದೆಯಲ್ಲ, ಕುಕ್ಕೆ. ಕಣದಲ್ಲಿ ಎತ್ತು ಭತ್ತಕ್ಕೆ ಬಾಯಿ ಹಾಕದಿರಲಿ ಅಂತ ಕಟ್ಟುತ್ತಿದ್ದರು. ಅಂಗಡಿಯಲ್ಲಿ ಮಝಲ್ ಅಂತ ಕೇಳಿ, ಇಲ್ಲಿ ಕುಕ್ಕೆ ಅಂತ ಓದಿಕೊಳ್ಳಿ.

ಚಿನ್ನು ನಮ್ಮನೆ ರಾಟ್‌ವೀಲರ್. ನಾಲ್ಕು ವರ್ಷ, 42 ಕೆಜಿ. ಮರಿ ಮಡಿಲಲ್ಲಿ ಕೂರುವಷ್ಟಿದ್ದಾಗ ಮಗಳು ಇಟ್ಟ ಹೆಸರು, ಈಗ ಕರೆಯಕ್ಕೆ ನನಗೇ ನಗು ಬರುತ್ತದೆ. ಮನೆ ಚಿಕ್ಕಮಗಳೂರಿನ ಹೊರಗೆ, ಮಲ್ಲಂದೂರು ರಸ್ತೆ ಕಡೆ. ಗ್ಯಾಸ್ ಸಿಲಿಂಡರ್ ತರುವ ಅಣ್ಣ ಪ್ರತಿ ಸಲ ಗೇಟಿನಲ್ಲೇ ನಿಂತು "ನಾಯಿ ಕಟ್ಟಿದೀರಾ ಸಾರ್?" ಅಂತ ಕೇಳುತ್ತಿದ್ದರು. ನಾನು ನಾಯಿ ಸಾಕಿದವರೆಲ್ಲ ಹೇಳುವುದನ್ನೇ ಹೇಳುತ್ತಿದ್ದೆ: "ಏನೂ ಮಾಡಲ್ಲ, ಬನ್ನಿ."

ಕಳೆದ ವರ್ಷ ಒಂದು ದಿನ ಮಾಡಿತು. ಸಿಲಿಂಡರ್ ಜಗಲಿ ಮೇಲೆ ಧಡ್ ಅಂತ ಇಳಿದಿದ್ದೇ ತಡ, ಹಿತ್ತಲಲ್ಲಿ ಮಲಗಿದ್ದ ಚಿನ್ನು ಓಡಿ ಬಂದು ಅವರ ಮುಂಗೈ ಹಿಡಿಯಿತು. ಎರಡು ಹಲ್ಲು ಇಳಿದಿದ್ದವು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನಲ್ಲಿ ಬಿಟ್ಟು, ಸೋಪು ಹಾಕಿ ಹದಿನೈದು ನಿಮಿಷ ತೊಳೆದೆವು. ಆಮೇಲೆ ಆಸ್ಪತ್ರೆ. ಗಾಯದ ಸುತ್ತ ಒಂದು ಇಂಜೆಕ್ಷನ್, ತೋಳಿಗೆ ರೇಬಿಸ್ ಲಸಿಕೆ, ಲಸಿಕೆ ಮತ್ತೆ 3ನೇ ದಿನ, 7ನೇ ದಿನ, 28ನೇ ದಿನ. ಚಿನ್ನುಗೆ ವರ್ಷವರ್ಷ ರೇಬಿಸ್ ಲಸಿಕೆ ಹಾಕಿಸಿದ್ದೇನೆ, ಆದರೂ ನಾಲ್ಕೂ ಸಲ ಅವರನ್ನು ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ದಾರಿಯಲ್ಲಿ ಇಬ್ಬರೂ ಮಾತಾಡುತ್ತಿರಲಿಲ್ಲ.

ಅವರು ದೂರು ಕೊಡಲಿಲ್ಲ. ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಪಕ್ಕದ ಮನೆ ವಕೀಲರನ್ನು ಕೇಳಿದೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಅಂತೆ. ಸಾಕಿದ ಪ್ರಾಣಿಯನ್ನು ಸರಿಯಾಗಿ ನೋಡಿಕೊಳ್ಳದೆ ಜನರಿಗೆ ಅಪಾಯ ತಂದರೆ ಆರು ತಿಂಗಳವರೆಗೆ ಜೈಲು, ಇಲ್ಲ 5,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಹಳೇ ಕಾನೂನಿನಲ್ಲಿ ದಂಡ 1,000 ಇತ್ತು. ಈಗಿನ 5,000ವೂ ಒಂದು ರಾಟ್‌ವೀಲರ್ ಮರಿಯ ರೇಟಿಗಿಂತ ಕಡಿಮೆ, ಯೋಚನೆ ಮಾಡಿ.

ಸರಿ, ಕುಕ್ಕೆಗೆ ಬರೋಣ. ಮೊದಲನೆಯದು ಊರಿನ ಒಂದು ಅಂಗಡಿಯಲ್ಲಿ ತಗೊಂಡ ನೈಲಾನ್ ಪಟ್ಟಿ, 180 ರೂಪಾಯಿ. "ಎಲ್ಲ ನಾಯಿಗೂ ಆಗತ್ತೆ ಸಾರ್" ಅಂದರು. ಅದು ಬಾಯಿಯನ್ನು ಪೂರ್ತಿ ಬಿಗಿದು ಮುಚ್ಚುತ್ತದೆ. ಏಪ್ರಿಲ್ ತಿಂಗಳು, ಸಂಜೆ ನಾಲ್ಕೂವರೆ, ಬಸವನಹಳ್ಳಿ ಕೆರೆ ಹತ್ತಿರ ಹತ್ತು ನಿಮಿಷ ನಡೆಸಿದೆ ಅಷ್ಟೆ, ಚಿನ್ನು ಕಣ್ಣು ಕೆಂಪಾಗಿ, ಮೂಗಿನಲ್ಲಿ ಗೊರಗೊರ ಸದ್ದು, ಕಾಲು ಎಳೆಯಕ್ಕೆ ಶುರು. ನಾಯಿ ನಮ್ಮ ಹಾಗೆ ಬೆವರಲ್ಲ, ಬಾಯಿ ತೆರೆದು ನಾಲಿಗೆ ಚಾಚಿ ತೇಕಿದರೇನೇ ಅದರ ಮೈ ತಣಿಯುವುದು. ಅಲ್ಲೇ ಮರದ ಕೆಳಗೆ ಕಿತ್ತು ಹಾಕಿದೆ. ಅಂಗಡಿಯವರಿಗೆ ವಾಪಸ್ ಕೊಡಕ್ಕೆ ಹೋದರೆ ಬಳಸಿದ್ದು ತಗೊಳ್ಳಲ್ಲ ಅಂದರು. ಎರಡನೆಯದು ಕಬ್ಬಿಣದ ತಂತಿಯದು, 450. ಗಾಳಿಯೇನೋ ಚೆನ್ನಾಗಿ ಆಡುತ್ತದೆ, ಆದರೆ ನಮ್ಮ ಮಳೆಗೆ ಒಂದೇ ತಿಂಗಳಲ್ಲಿ ತುಕ್ಕು ಹಿಡಿದು ಮೂಗಿನ ಮೇಲಿನ ಕೂದಲು ಉಜ್ಜಿಹೋಯಿತು.

ಮೂರನೆಯದು ರಬ್ಬರಿನ ಬುಟ್ಟಿ ಥರದ್ದು. ಆನ್‌ಲೈನ್, 1,150. ಎಂಟು ತಿಂಗಳಾಯಿತು, ಇನ್ನೂ ಬಳಸುತ್ತಿದ್ದೇನೆ. ಒಳಗೇ ಪೂರ್ತಿ ಬಾಯಿ ತೆರೆಯಬಹುದು, ನೀರು ಕುಡಿಯಬಹುದು, ಸಂದಿಯಿಂದ ತಿಂಡಿ ಚೂರು ಕೊಡಬಹುದು. ಬೊಗಳುತ್ತದೆ, ಅದಕ್ಕೇನೂ ತೊಂದರೆ ಇಲ್ಲ! ತಂದ ದಿನವೇ ಕಟ್ಟಬೇಡಿ. ಮೊದಲ ನಾಲ್ಕು ದಿನ ಬರೀ ಬುಟ್ಟಿಯೊಳಗೆ ತುಪ್ಪ ಸವರಿದ ಅಕ್ಕಿರೊಟ್ಟಿ ಚೂರು ಇಟ್ಟು ಮೂಗು ತೂರಿಸಲು ಬಿಟ್ಟೆ. ಆಮೇಲೆ ಅರ್ಧ ನಿಮಿಷ, ಒಂದು ನಿಮಿಷ ಅಂತ ಬಕಲ್ ಹಾಕಿದೆ. ಹನ್ನೆರಡನೇ ದಿನ ಕುಕ್ಕೆ ಕೈಗೆ ತಗೊಂಡರೆ ತಾನೇ ಬಂದು ಮುಖ ಒಡ್ಡಿತು.

ದೂರುಗಳೂ ಇವೆ. ಕುಕ್ಕೆಯ ಕುತ್ತಿಗೆ ಪಟ್ಟಿ ಜಾರುತ್ತದೆ, ನಾಯಿಯ ಕಾಲರಿಗೆ ಸೇರಿಸಿ ಕಟ್ಟಬೇಕು. ಜೊಲ್ಲು ತುಂಬಿಕೊಂಡು ನಾರುತ್ತದೆ, ದಿನಾ ತೊಳೆಯಬೇಕು. ಮಳೆಗಾಲದಲ್ಲಿ ತೋಟದೊಳಗೆ ಹಾಕಲೇಬೇಡಿ. ಉಂಬಳ (ಜಿಗಣೆ) ಒಳಗೆ ಸೇರಿಕೊಂಡರೆ ಪಾಪ ಕಾಲಲ್ಲಿ ಒರೆಸಿಕೊಳ್ಳಕ್ಕೂ ಆಗಲ್ಲ. ರಾತ್ರಿ ಕುಕ್ಕೆ ಹಾಕಿ ಹೊರಗೆ ಬಿಡುವುದಂತೂ ಬೇಡವೇ ಬೇಡ, ಚಿರತೆ ಬಂದರೆ ನಾಯಿಗಿರುವುದು ಬಾಯಿ ಒಂದೇ ಅಲ್ವಾ.

ಚಿನ್ನುಗೆ ಕುಕ್ಕೆ ಹಾಕಿಕೊಂಡು ಹೋದರೆ ಜನ "ಓ, ಬ್ಯಾನ್ ಆಗಿರೋ ನಾಯಿ" ಅನ್ನುತ್ತಾರೆ. ಕರ್ನಾಟಕದಲ್ಲಿ ಆಗಿಲ್ಲ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನೆ ಇಲಾಖೆ 23 ತಳಿಗಳ ಆಮದು, ಸಾಕಣೆ, ಮಾರಾಟ ನಿಲ್ಲಿಸಿ ಅಂತ ರಾಜ್ಯಗಳಿಗೆ ಪತ್ರ ಬರೆದಿದ್ದು ನಿಜ, ರಾಟ್‌ವೀಲರ್ ಅದರಲ್ಲಿತ್ತು. ಪಟ್ಟಿಯಲ್ಲಿ ಸುಮ್ನೆ ಟೆರಿಯರ್ ಅಂತಲೂ ಇತ್ತು, ಹಾಗೆ ನೋಡಿದರೆ ಕೈಚೀಲದಲ್ಲಿ ಹಿಡಿಸುವ ಯಾರ್ಕ್‌ಷೈರ್ ಟೆರಿಯರ್ ಕೂಡ ಅಪಾಯಕಾರಿ! ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದು ಅಂತ ನಮ್ಮ ಹೈಕೋರ್ಟ್ ಏಪ್ರಿಲ್ 10ಕ್ಕೆ ಅದನ್ನು ರದ್ದು ಮಾಡಿತು, ಎಲ್ಲರನ್ನೂ ಕೇಳಿ ಬೇಕಿದ್ದರೆ ಮತ್ತೆ ಮಾಡಿ ಅಂದಿತು. ಬ್ರಿಟನ್‌ನಲ್ಲಿ 1991ರಿಂದಲೇ ತಳಿ ನೋಡಿ ನಿಷೇಧ ಮಾಡುವ ಕಾನೂನಿದೆ, ಈಚೆಗೆ ಎಕ್ಸ್‌ಎಲ್ ಬುಲ್ಲಿ ಅನ್ನುವ ದೊಡ್ಡ ನಾಯಿಯನ್ನೂ ಸೇರಿಸಿದರು. ಆದರೆ ಅದನ್ನು ಮೊದಲೇ ಸಾಕಿದ್ದವರಿಗೆ ಹಾಕಿದ ಷರತ್ತು ನನಗೆ ಇಷ್ಟವಾಯಿತು: ಹೊರಗೆ ಹೋದರೆ ಹಗ್ಗ, ಕುಕ್ಕೆ, ಜೊತೆಗೆ ನಾಯಿ ಬೇರೆಯವರಿಗೆ ಮಾಡುವ ಗಾಯಕ್ಕೆ ಮಾಲೀಕನದೇ ವಿಮೆ. ಇಷ್ಟನ್ನು ತಳಿ ನೋಡದೆ, ಒಮ್ಮೆ ಕಚ್ಚಿದ ಎಲ್ಲ ನಾಯಿಯ ಮಾಲೀಕರಿಗೂ ಹಾಕಬೇಕು ಅನ್ನುವವನು ನಾನು, ನನ್ನನ್ನೂ ಸೇರಿಸಿ. ನಮ್ಮ ಬೀದಿಯಲ್ಲಿ ಲ್ಯಾಬ್ರಡಾರ್ ಕಚ್ಚಿದ್ದೂ ಇದೆ, ಅದರ ಮಾಲೀಕರು ಇನ್ನೂ ಹಗ್ಗ ಇಲ್ಲದೆ ಬಿಡುತ್ತಾರೆ.

ಸಿಲಿಂಡರ್ ಅಣ್ಣ ಮೊನ್ನೆ ನೋಡಿ "ಇದೇನ್ ಸಾರ್, ಎತ್ತಿಗೆ ಹಾಕ್ದಂಗೆ ಹಾಕಿದೀರಿ" ಅಂತ ನಕ್ಕರು. ಗೇಟಿನ ಒಳಗೆ ಮಾತ್ರ ಬರಲಿಲ್ಲ. ಸಿಲಿಂಡರ್ ನಾನೇ ಎತ್ತಿಕೊಂಡು ಬಂದೆ.

ಐದಕ್ಕೆ ನಾಲ್ಕು ಕೊಡುತ್ತೇನೆ, ಜಾರುವ ಪಟ್ಟಿಗೆ ಒಂದು ಕಟ್. ತಗೊಳ್ಳುವವರು ತಳಿಯ ಹೆಸರು ನೋಡಿ ಸೈಜ್ ಆರಿಸಬೇಡಿ, ನಾನು ಹಾಗೆ ಮಾಡಿ ಒಂದು ಸಲ ಬದಲಾಯಿಸಬೇಕಾಯಿತು. ಟೈಲರ್ ಟೇಪಿನಲ್ಲಿ ಕಣ್ಣಿಗಿಂತ ಒಂದು ಇಂಚು ಕೆಳಗೆ ಮೂತಿಯ ಸುತ್ತಳತೆ ತಗೊಳ್ಳಿ, ಮೂಗಿನ ತುದಿಯಿಂದ ಕಣ್ಣಿನವರೆಗೆ ಉದ್ದ ತಗೊಳ್ಳಿ. ಸುತ್ತಳತೆ ಬಾಯಿ ಮುಚ್ಚಿದ್ದಾಗಿನದು, ಅದಕ್ಕೆ ತೇಕುವ ಜಾಗ ಸೇರಿಸಿಕೊಂಡು ಒಂದು ಸೈಜ್ ದೊಡ್ಡದೇ ಇರಲಿ.