ವಿಶೇಷ ಅಗತ್ಯವುಳ್ಳ ಮಗುವಿನೊಡನೆ ಎರಡು ಗಂಟೆ ಕಾಡಿನಲ್ಲಿ: ಒಂದು ನಡಿಗೆ ಸೇವೆಯ ವಿಮರ್ಶೆ

ನನ್ನ ಮಗನಿಗೆ ಒಂಬತ್ತು ವರ್ಷ. ಆಟಿಸಂ ಇದೆ, ಮಾತು ಕಡಿಮೆ, ಬೇಕಾದುದನ್ನು ಬಹುಮಟ್ಟಿಗೆ ಚಿತ್ರದ ಕಾರ್ಡು ತೋರಿಸಿಯೇ ಕೇಳುತ್ತಾನೆ. ಇಂಥ ಮಗುವನ್ನು ಕರೆದುಕೊಂಡು ಹೊರಡುವವರು ಒಂದು ಜಾಗ ಎಷ್ಟು ಚೆಂದವಾಗಿದೆ ಎಂದು ಕೇಳುವುದಕ್ಕೆ ಮೊದಲು, ಅಲ್ಲಿಂದ ಬೇಗನೆ ಹೊರಬರಲು ದಾರಿ ಇದೆಯೇ ಎಂದು ಕೇಳುತ್ತಾರೆ. ವಿಶೇಷ ಅಗತ್ಯವುಳ್ಳ ಮಕ್ಕಳ ಕುಟುಂಬಗಳಿಗೆಂದೇ ಏರ್ಪಡಿಸುವ, ಮಾರ್ಗದರ್ಶಿಯ ಜೊತೆಗಿನ ಎರಡು ಗಂಟೆಯ ಕಾಡಿನ ನಡಿಗೆಯೊಂದಕ್ಕೆ ಎರಡು ಬಾರಿ ಹೋಗಿಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಒಂದೇ ಭೇಟಿಯನ್ನು ನಂಬಿ ಬರೆದರೆ ಅದು ಆ ದಿನ ಮಗುವಿಗೆ ನಿದ್ದೆ ಸರಿಯಾಗಿತ್ತೋ ಇಲ್ಲವೋ ಎಂಬುದರ ವಿಮರ್ಶೆಯಾಗಿಬಿಡುತ್ತದೆ.

ಈ ಸೇವೆಯ ನಿಜವಾದ ಗುಣ ಕಾಣುವುದು ನಡಿಗೆಗೆ ಒಂದು ವಾರ ಮೊದಲೇ, ಅವರು ಕಳುಹಿಸುವ ಪ್ರಶ್ನಾವಳಿಯಲ್ಲಿ. ಸಾಮಾನ್ಯವಾಗಿ ಇಂಥ ಕಡೆ ತುಂಬಿಸಿಕೊಳ್ಳುವ ನಮೂನೆಗಳು ಮಗುವಿಗೆ ಇರುವ ತೊಂದರೆಯ ಹೆಸರನ್ನು ಕೇಳಿ ಮುಗಿಸುತ್ತವೆ. ಆ ಹೆಸರಿನಿಂದ ಮಾರ್ಗದರ್ಶಿಗೆ ಹೆಚ್ಚೇನೂ ತಿಳಿಯುವುದಿಲ್ಲ, ಏಕೆಂದರೆ ಒಂದೇ ಹೆಸರಿನಡಿ ಬರುವ ಇಬ್ಬರು ಮಕ್ಕಳಲ್ಲಿ ಒಬ್ಬ ಸದ್ದಿಗೆ ಬೆಚ್ಚಿಬೀಳುತ್ತಾನೆ, ಇನ್ನೊಬ್ಬ ಸದ್ದನ್ನು ಹುಡುಕಿಕೊಂಡು ಹೋಗುತ್ತಾನೆ. ಇವರು ಕೇಳಿದ್ದು ಬೇರೆ. ಯಾವ ಸದ್ದನ್ನು ಮಗು ಸಹಿಸದು? ಕಳವಳಗೊಂಡಾಗ ಯಾರಾದರೂ ತಬ್ಬಿ ಹಿಡಿದರೆ ಸಮಾಧಾನವಾಗುತ್ತದೆಯೇ, ದೂರ ನಿಂತರೆ ಸಮಾಧಾನವಾಗುತ್ತದೆಯೇ? ಕೈ ಬಿಡಿಸಿಕೊಂಡು ಓಡುವ ಅಭ್ಯಾಸವಿದೆಯೇ, ಇದ್ದರೆ ಯಾವುದರ ಕಡೆಗೆ? ಮನೆಯಲ್ಲಿ ಹೇಳುವ ಯಾವ ಮಾತು ಅಥವಾ ಸನ್ನೆಗೆ ಮಗು ನಿಲ್ಲುತ್ತದೆ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯುತ್ತ ಕುಳಿತಾಗಲೇ ನನಗೆ ಇವರ ಮೇಲೆ ಅರ್ಧ ವಿಶ್ವಾಸ ಮೂಡಿತ್ತು.

ಪ್ರಶ್ನಾವಳಿಯ ಜೊತೆಗೆ ದಾರಿಯುದ್ದದ ಚಿತ್ರಗಳನ್ನು ನಡೆಯುವ ಕ್ರಮದಲ್ಲೇ ಜೋಡಿಸಿದ ಪುಟ್ಟ ಪುಸ್ತಿಕೆಯೂ ಬಂದಿತು: ಗೇಟು, ಮಾರ್ಗದರ್ಶಿಯ ಮುಖ, ಮೊದಲ ತಿರುವು, ಬಿದ್ದ ಮರ, ಸೇತುವೆ, ಶೌಚಾಲಯ, ಮತ್ತೆ ಗೇಟು. ಮುಂದೇನು ಎಂಬುದನ್ನು ಕಣ್ಣಿಗೆ ಕಾಣುವಂತೆ ಇಡುವ ಈ ವಿಧಾನ ಹೊಸದೇನಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 1972ರಿಂದ ನಡೆದುಬಂದಿರುವ ಟೀಚ್ ಎಂಬ ಕಾರ್ಯಕ್ರಮವು ಆಟಿಸಂ ಇರುವ ಮಕ್ಕಳ ಕಲಿಕೆಯನ್ನು ಕಟ್ಟಿದ್ದು ಬಹುಪಾಲು ಇದರ ಮೇಲೆಯೇ. ಆದರೆ ಕಾಡಿನವರು ಇದನ್ನು ತಮ್ಮದಾಗಿಸಿಕೊಂಡದ್ದನ್ನು ನಾನು ಕಂಡದ್ದು ಇದೇ ಮೊದಲು. ಮಗ ಆ ಪುಸ್ತಿಕೆಯನ್ನು ಏಳು ದಿನವೂ ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಿದ, ಗೇಟಿನ ಮುಂದೆ ನಿಂತಾಗ ಮೊದಲ ಪುಟವನ್ನು ತೆಗೆದು ಗೇಟಿಗೇ ತೋರಿಸಿದ.

ಇನ್ನು ಅವರ ಪರಿಚಯ ಪತ್ರದ ಬಗ್ಗೆ ಒಂದು ತಕರಾರು. ಅದರಲ್ಲಿ ಕಾಡು ಮಕ್ಕಳನ್ನು "ಗುಣಪಡಿಸುತ್ತದೆ" ಎಂದೂ, ಕಾಡಿನಲ್ಲಿ ನಿಧಾನವಾಗಿ ಅಡ್ಡಾಡುತ್ತ ಅದನ್ನು ಅನುಭವಿಸುವ, ಕಾಡಿನ ಸ್ನಾನವೆಂಬ ಜಪಾನೀ ಪದ್ಧತಿ ಪುರಾತನವಾದುದೆಂದೂ ಬರೆದಿದ್ದಾರೆ. ಶಿನ್‌ರಿನ್-ಯೋಕು ಎಂಬ ಆ ಹೆಸರನ್ನು ಜಪಾನಿನ ಅರಣ್ಯ ಇಲಾಖೆ ಮುಂದಿಟ್ಟದ್ದು 1982ರಲ್ಲಿ. ಅದು ನನಗಿಂತ ಹೆಚ್ಚು ಹಳೆಯದಲ್ಲ. ಗಮನದ ಕೊರತೆಯ ಮಕ್ಕಳ ಬಗ್ಗೆ ಅವರು ಸೂಚಿಸುವ ಅಧ್ಯಯನ ನಿಜವಾದುದೇ: 2009ರಲ್ಲಿ ಪ್ರಕಟವಾದ ಅದರಲ್ಲಿ 7ರಿಂದ 12 ವರ್ಷದೊಳಗಿನ ಎಡಿಎಚ್‌ಡಿ ಇರುವ 17 ಮಕ್ಕಳನ್ನು 20 ನಿಮಿಷ ನಡೆಸಿದಾಗ, ಊರಿನ ಬೀದಿಗಳಿಗಿಂತ ಉದ್ಯಾನದಲ್ಲಿ ನಡೆದ ಬಳಿಕ ಏಕಾಗ್ರತೆ ಉತ್ತಮವಾಗಿತ್ತು. ಆದರೆ ಅದು ಉದ್ಯಾನ, ಕಾಡಲ್ಲ. ಮಕ್ಕಳು ಹದಿನೇಳೇ ಮಂದಿ. ಅಳೆದದ್ದು ನಡಿಗೆಯ ಬೆನ್ನಿಗೇ ಇದ್ದ ಏಕಾಗ್ರತೆಯನ್ನು. ಗುಣಪಡಿಸುವ ಮಾತನ್ನು ಕೇಳಿ ಕೇಳಿ ದಣಿದಿರುವ ತಂದೆತಾಯಿಯರ ಮುಂದೆ ಆ ಪದವನ್ನು ಇಷ್ಟು ಸಲೀಸಾಗಿ ಬಳಸಬಾರದು. ಮಗುವಿಗೆ ಎರಡು ಗಂಟೆ ಹಿತವಾಗಿರುತ್ತದೆ ಎಂದಿದ್ದರೆ ನಮಗೆ ಅಷ್ಟೇ ಸಾಕಾಗಿತ್ತು.

ನಡಿಗೆಯ ವಿಷಯಕ್ಕೆ ಬರುವುದಾದರೆ, ಒಂದು ಗುಂಪಿಗೆ ನಾಲ್ಕೇ ಮಕ್ಕಳು, ಇಬ್ಬರು ಮಾರ್ಗದರ್ಶಿಗಳು. ಈ ಇಬ್ಬರೆಂಬ ಲೆಕ್ಕವೇ ಇಡೀ ಸೇವೆಯ ಬೆನ್ನೆಲುಬು. ಮೊದಲ ಭೇಟಿಯಲ್ಲಿ ನನ್ನ ಮಗ ಗೇಟಿನಿಂದ ಇನ್ನೂರು ಹೆಜ್ಜೆ ದೂರದ ಬಿದ್ದ ಮರದ ಬಳಿ ನಿಂತವನು ನಲವತ್ತು ನಿಮಿಷ ಅಲ್ಲಿಂದ ಕದಲಲಿಲ್ಲ. ಕೊಳೆತ ತೊಗಟೆಯನ್ನು ಬೆರಳಿನಿಂದ ಒತ್ತುವುದು, ಅದು ಪುಡಿಯಾಗಿ ಉದುರುವುದನ್ನು ನೋಡುವುದು, ಮತ್ತೆ ಒತ್ತುವುದು. ಒಬ್ಬರೇ ಮಾರ್ಗದರ್ಶಿ ಇದ್ದಿದ್ದರೆ ಉಳಿದ ಮೂವರಿಗಾಗಿ ಅವನನ್ನು ಎಬ್ಬಿಸಲೇಬೇಕಾಗುತ್ತಿತ್ತು, ಆಮೇಲೆ ಏನಾಗುತ್ತಿತ್ತೆಂದು ಇಂಥ ಮಕ್ಕಳ ಮನೆಯವರಿಗೆ ವಿವರಿಸಬೇಕಿಲ್ಲ. ಇಲ್ಲಿ ಒಬ್ಬರು ಉಳಿದವರನ್ನು ಮುಂದೆ ಕರೆದೊಯ್ದರು. ಇನ್ನೊಬ್ಬರು ಮರದ ಆಚೆ ತುದಿಯಲ್ಲಿ, ಅವನಿಗೆ ಮುಖ ಕೊಡದೆ, ಪಕ್ಕಕ್ಕೆ ತಿರುಗಿ ಕುಳಿತು ತಾವೂ ತೊಗಟೆ ಒತ್ತತೊಡಗಿದರು. ಬಾಯಿ ಬಿಟ್ಟು ಒಂದು ಮಾತನ್ನೂ ಆಡಲಿಲ್ಲ, ಇದು ಯಾವ ಮರವೆಂದು ಪಾಠ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗ ತೊಗಟೆಯ ತುಂಡೊಂದನ್ನು ಅವರ ಅಂಗೈಯಲ್ಲಿಟ್ಟ. ಅಪರಿಚಿತರಿಗೆ ಅವನು ತಾನಾಗಿ ಏನನ್ನಾದರೂ ಕೊಟ್ಟದ್ದು ನನಗೆ ನೆನಪಿಲ್ಲ.

ಪ್ರಶ್ನಾವಳಿಯಲ್ಲಿ ಬಿಟ್ಟುಹೋಗಿದ್ದ ಒಂದು ಸಂಗತಿ ಅಲ್ಲಿಯೇ ಬಯಲಾಯಿತು. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸವಿರುವ ಮಕ್ಕಳ ಬಗ್ಗೆ ಅವರು ಏನನ್ನೂ ಕೇಳಿರಲಿಲ್ಲ, ನಾನೂ ಹೇಳಲು ಮರೆತಿದ್ದೆ. ಮಗ ಪಾಚಿಯ ಉಂಡೆಯೊಂದನ್ನು ಬಾಯಿಗಿಟ್ಟುಕೊಂಡ. ಪಾಚಿಯ ಜಾಗದಲ್ಲಿ ಅಣಬೆ ಇದ್ದಿದ್ದರೆ ಪರಿಣಾಮ ಬೇರೆಯೇ ಆಗುತ್ತಿತ್ತು. ವಿಷದ ಅಣಬೆಯನ್ನು ಬರಿಗಣ್ಣಿನಿಂದ ಬೇರ್ಪಡಿಸುವುದು ಬಲ್ಲವರಿಗೂ ಕಷ್ಟ. ಎರಡನೆಯ ಭೇಟಿಯ ಹೊತ್ತಿಗೆ ಆ ಪ್ರಶ್ನೆ ನಮೂನೆಯಲ್ಲಿ ಸೇರಿತ್ತು, ನಾವೂ ಅಗಿಯುವ ರಬ್ಬರಿನ ಸರವನ್ನು ಅವನ ಕೊರಳಿಗೆ ಹಾಕಿಯೇ ಹೊರಟೆವು.

ಇನ್ನೂ ಸರಿಯಾಗದೆ ಉಳಿದಿರುವುದು ಸೇತುವೆ. ತೊರೆಯ ಮೇಲಿನ ಆ ಮರದ ಸೇತುವೆಗೆ ಒಂದೇ ಬದಿಯಲ್ಲಿ ಕೈಕಂಬಿ ಇದೆ. 2012ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ, ನಾಲ್ಕು ವರ್ಷ ದಾಟಿದ ಮೇಲೂ ಒಮ್ಮೆಯಾದರೂ ತಪ್ಪಿಸಿಕೊಂಡು ಹೋಗಲು ಯತ್ನಿಸಿದ ಆಟಿಸಂ ಮಕ್ಕಳ ಪ್ರಮಾಣ ಶೇಕಡಾ 49 ಎಂದು ತಂದೆತಾಯಿಯರ ಉತ್ತರಗಳಿಂದ ತಿಳಿದುಬಂದಿತ್ತು, ಹಾಗೆ ಹೋದ ಮಕ್ಕಳಿಗೆ ನೀರು ದೊಡ್ಡ ಅಪಾಯಗಳಲ್ಲೊಂದು. ಓಡುವ ಮಗು ಯಾವುದರ ಕಡೆಗೆ ಓಡುತ್ತದೆ ಎಂದು ಕೇಳುವಷ್ಟು ತಿಳಿವಳಿಕೆ ಇರುವ ಸಂಸ್ಥೆ, "ನೀರಿನ ಕಡೆಗೆ" ಎಂಬ ನನ್ನ ಉತ್ತರವನ್ನು ಓದಿದ ಮೇಲೂ ಅದೇ ದಾರಿಯಲ್ಲಿ ಕರೆದೊಯ್ದದ್ದು ನನಗೆ ಅರ್ಥವಾಗಲಿಲ್ಲ. ಎರಡೂ ಬಾರಿ ಸೇತುವೆ ದಾಟುವಾಗ ಅವನ ಮುಂಗೈಯನ್ನು ನಾನು ಹಿಡಿದ ಹಿಡಿತಕ್ಕೆ ಗುರುತು ಮೂಡಿತ್ತು.

ಶೌಚಾಲಯ ಸ್ವಚ್ಛವಾಗಿದೆ, ಗಾಲಿಕುರ್ಚಿ ತಿರುಗುವಷ್ಟು ವಿಶಾಲವಾಗಿಯೂ ಇದೆ. ಆದರೆ ಗೋಡೆಯಲ್ಲಿ ಕೈ ಒಣಗಿಸುವ ಯಂತ್ರವಿದೆ, ಹತ್ತಿರ ಹೋದರೆ ಸಾಕು, ತಾನೇ ಅಬ್ಬರಿಸುತ್ತದೆ. ಇಂಥ ಯಂತ್ರಗಳ ಸದ್ದನ್ನು ಮಕ್ಕಳ ಕಿವಿಯ ಎತ್ತರದಲ್ಲಿ ಅಳೆದು, ಕೆಲವು 100 ಡೆಸಿಬಲ್ ಮೀರುತ್ತವೆಂದು ತೋರಿಸಿದ ಪ್ರಬಂಧವೊಂದು 2019ರಲ್ಲಿ ಕೆನಡಾದ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು; ಬರೆದವಳು 13 ವರ್ಷದ ಬಾಲಕಿ. ದೊಡ್ಡವರ ಕಿವಿ ಆ ಗಾಳಿಯಿಂದ ಮೇಲಿರುವುದರಿಂದ ನಮಗದು ತಿಳಿಯುವುದಿಲ್ಲ. ಎರಡು ಗಂಟೆ ಎಲೆಗಳ ಸದ್ದಿಗೆ ಹದಗೊಂಡಿದ್ದ ಮಗು ಆ ಒಂದು ಕ್ಷಣದಲ್ಲಿ ನೆಲಕ್ಕೆ ಕುಸಿದು ಕಿವಿ ಮುಚ್ಚಿಕೊಂಡ. ಮೊದಲ ಭೇಟಿಯಲ್ಲಿ ಕೊನೆಗೆ ನೆನಪಾಗಿ ಉಳಿದದ್ದು ಅದೇ ಆಯಿತು. ಗೇಟಿನ ಬಳಿ ಪ್ರಮಾಣಪತ್ರ ಕೊಟ್ಟು ಎಲ್ಲರೂ ಚಪ್ಪಾಳೆ ತಟ್ಟುವ ಪದ್ಧತಿಯನ್ನೂ ಕೈಬಿಡುವುದು ಒಳ್ಳೆಯದು.

ಗಾಲಿಕುರ್ಚಿಯಲ್ಲಿ ಬರುವ ಮಕ್ಕಳಿಗೆ ಇಡೀ ದಾರಿ ಸುಗಮವೆಂದು ಹೇಳಿರುವುದು ಪೂರ್ತಿ ಸರಿಯಲ್ಲ. ಮೊದಲರ್ಧ ಗಟ್ಟಿ ನೆಲ; ಆಮೇಲೆ ಬೇರುಗಳು ದಾರಿಗೆ ಅಡ್ಡ ಹಾಯುತ್ತವೆ, ಒಂದೆಡೆಯ ಏರು, ಗಾಲಿಕುರ್ಚಿಯ ಇಳಿಜಾರುಗಳಿಗಿರುವ ಸಾಮಾನ್ಯ ಮಿತಿಯಾದ 1:12ಕ್ಕಿಂತ (ಹನ್ನೆರಡು ಅಡಿ ಉದ್ದಕ್ಕೆ ಒಂದು ಅಡಿ ಎತ್ತರ) ಕಣ್ಣಳತೆಗೇ ಕಡಿದಾಗಿದೆ. ನಮ್ಮ ಗುಂಪಿನ ಹುಡುಗಿಯೊಬ್ಬಳ ಕುರ್ಚಿಯನ್ನು ಅಲ್ಲಿ ಇಬ್ಬರು ಎತ್ತಿ ದಾಟಿಸಬೇಕಾಯಿತು, ಅವಳಿಗೆ ಅದು ಇಷ್ಟವಾಗಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

ಸದ್ದಿಗೆ ಅಂಜುವ, ನಿಧಾನವಾಗಿ ನಡೆಯುವ, ಒಂದೇ ವಸ್ತುವಿನಲ್ಲಿ ಮುಳುಗುವ ಮಕ್ಕಳಿಗೆ ಈ ನಡಿಗೆಯನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಶೌಚಾಲಯಕ್ಕೆ ಹೋಗುವಾಗ ಮಾತ್ರ ಕಿವಿಗೆ ಇಯರ್‌ಮಫ್ ಹಾಕಿಸಿ. ಗಾಲಿಕುರ್ಚಿಯವರು ಮೊದಲರ್ಧಕ್ಕೆ ಮಾತ್ರ ಒಪ್ಪಿಕೊಳ್ಳುವುದು ಲೇಸು. ನಮ್ಮ ದೂರುಗಳನ್ನು ಬರೆದು ಕಳುಹಿಸಿದ್ದೆವು: ಯಂತ್ರದ ಸ್ವಿಚ್ಚು ಆರಿಸಿ ಕಾಗದದ ಟವೆಲ್ ಇಡುವುದಾಗಿ ಎರಡೇ ದಿನದಲ್ಲಿ ಉತ್ತರ ಬಂದಿತು, ಸೇತುವೆಯ ಬಗ್ಗೆ ಇನ್ನೂ ಬಂದಿಲ್ಲ. ಮೂರನೆಯ ಬಾರಿಗೆ ಹೆಸರು ಬರೆಸಿದ್ದೇವೆ, ಬಿದ್ದ ಮರದವರೆಗೆ ಹೋಗಿ ಅಲ್ಲಿಂದಲೇ ಹಿಂತಿರುಗುವ ಷರತ್ತಿನ ಮೇಲೆ.